ಗೇಣಪ್ಪನ ಬಲೂನು

ಕೆಲಸ ಎಷ್ಟಾಯಿತೆಂದು ಯಾರು ಕೇಳಿದರೂ ಆತ ಬಾಯಿ ಬಿಡುತ್ತಿರಲಿಲ್ಲ. ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಗಾಳಿಯಲ್ಲೇ ಅಳೆದು ತೋರಿಸುತ್ತಿದ್ದ. ಕಂಪ್ಯೂಟರ್ ಆಟಗಳನ್ನು ಕಟ್ಟುವ ಆ ಕಚೇರಿಯಲ್ಲಿ ಅವನಿಗೆ ಗೇಣಪ್ಪ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಒಗೆದೊಗೆದು ತೋಳು ಕುಗ್ಗಿದ ಸ್ವೆಟರು ತೊಟ್ಟು, ಮನೆಯಿಂದ ಹೊರಡುವಾಗ ಪುಟ್ಟ ಹೆಜ್ಜೆಯಿಟ್ಟು, ಕಚೇರಿ ಹತ್ತಿರವಾದಂತೆ ದಾಪುಗಾಲು ಹಾಕುವ ಈ ಮಹಾಶಯ ಬರೆಯುವ ಕೋಡೂ ಅವನ ನಡಿಗೆಯಂತೆಯೇ: ಆಡುವವನು ಮುಂದೆ ಸಾಗಿದಷ್ಟೇ ಪರದೆಯ ಮೇಲಿನ ವಸ್ತು ಬೆಳೆಯಬೇಕು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬಟ್ಟೆ ಹೊಲಿದು ಅವನನ್ನು ಓದಿಸಿದ ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಗೈ ಸತ್ತಂತಾದಾಗ, ಅವನು ಮನೆಯಲ್ಲೇ ಒಂದು ಆಟ ಕಟ್ಟಿದ. ತಂತಿ ಜೋಡಿಸಿದ ಮೆತ್ತನೆಯ ಚೆಂಡನ್ನು ಅಕ್ಕ ಹಿಸುಕಿದಷ್ಟೂ ಪರದೆಯಲ್ಲಿ ಕೆಂಪು ಬಲೂನು ಹಿಗ್ಗಬೇಕು. ಕತ್ತರಿ ಹಿಡಿಯುವಷ್ಟು ಬಲ ಬಂದ ದಿನ ಅದು ಪರದೆ ತುಂಬಬೇಕು. ಶುರುವಿನ ಗಾತ್ರವನ್ನು ಮಾತ್ರ ಸೊನ್ನೆಗಿಡಲಿಲ್ಲ. "ಕಣ್ಣಿಗೇ ಕಾಣದ್ದನ್ನ ಯಾರು ಬೆಳೆಸ್ತಾರೆ?" ಎನ್ನುತ್ತಿದ್ದ. ವಾರಗಳುರುಳಿದರೂ ಬಲೂನು ನಿಂಬೆಹಣ್ಣಿನ ಗಾತ್ರ ದಾಟದಿದ್ದಾಗ, ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, "ಅವರ ಸಮಾಧಾನಕ್ಕಾದ್ರೂ ಸ್ವಲ್ಪ ದೊಡ್ಡದಾಗಿ ಕಾಣೋ ಹಾಗೆ ಮಾಡಿ," ಎಂದು ಕೇಳಿಕೊಂಡರು. ಆಸಾಮಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಅಕ್ಕಂಗೆ ಸುಳ್ಳು ಹೇಳೋ ಬಲೂನು ನಾನು ಮಾಡಲ್ಲ."

ಎಂಥ ಕಲ್ಲೆದೆಯವನಪ್ಪಾ ಎಂದು ನೆಂಟರೆಲ್ಲ ಬೈದುಕೊಂಡರು. ಆಮೇಲೆ ಕಚೇರಿಯ ಕೆಲಸದಲ್ಲಿ ಮುಳುಗಿಹೋದವನಿಗೆ, ಅಕ್ಕ ಹಗಲೆಲ್ಲ ಒಬ್ಬಳೇ ಕೂತು ಆ ಚೆಂಡಿನೊಡನೆ ಹೆಣಗುತ್ತಿದ್ದುದು ತಿಳಿಯಲೇ ಇಲ್ಲ.

ಒಂದು ರಜೆಯ ಬೆಳಿಗ್ಗೆ ಅವಳ ಕೋಣೆಗೆ ಬಂದವನು ಹೊಸ್ತಿಲಲ್ಲೇ ಮರಗಟ್ಟಿ ನಿಂತ. ಅಕ್ಕ ಚೆಂಡು ಹಿಸುಕಿ ಕೂತಿದ್ದಳು, ಬಲೂನು ಪರದೆಯ ಅಂಚಿನಿಂದ ಅಂಚಿಗೆ ಹಬ್ಬಿತ್ತು. ಎಲ್ಲೋ ಲೆಕ್ಕ ತಪ್ಪಿದೆ, ಇಷ್ಟು ದಿನ ಅಕ್ಕನ ಮುಂದೆ ಸುಳ್ಳು ಬಲೂನನ್ನೇ ಇಟ್ಟಿದ್ದೆನಲ್ಲ ಎಂದು ಬೆವತುಹೋದ. ಕೋಡಿನ ಸಾಲುಗಳನ್ನು ತಡಕಿದ, ತಂತಿ ಕಿತ್ತು ಮತ್ತೆ ಜೋಡಿಸಿದ, ಚೆಂಡನ್ನು ತಾನೇ ಹಿಸುಕಿ ನೋಡಿದ. ಎಲ್ಲವೂ ಸರಿಯಿತ್ತು. ಸರಿಯಿದ್ದದ್ದೇ ಅವನನ್ನು ಇನ್ನಷ್ಟು ದಂಗುಬಡಿಸಿತು.

"ಲೋ, ಅದರಲ್ಲೇನು ಹುಡುಕ್ತೀಯ," ಎಂದಳು ಅಕ್ಕ. "ನನ್ನ ಕೈ ನೋಡೋ."

ಹಾಗೆಂದು ಬಲಗೈಯಿಂದಲೇ ಅವನ ಸ್ವೆಟರಿನ ತೋಳು ಹಿಡಿದು ಜಗ್ಗಿದಳು. ಭುಜದ ಹೊಲಿಗೆ ಪಟ್ಟನೆ ಬಿಟ್ಟುಕೊಂಡಿತು. ಅವನು ಆ ಬೆರಳುಗಳನ್ನೇ ನೋಡುತ್ತ ಕೂತ.

"ಬಿಚ್ಚಿಕೊಡು, ನಾನೇ ಹೊಲೀತೀನಿ."

ಪ್ರೀತಿಪಾತ್ರರಿಗಾಗಿಯೂ ಸುಳ್ಳಾಡದ ಇಂಥವರು ವಿರಳ. ಒಳ್ಳೆಯದಾದಾಗ ಅದನ್ನು ನಂಬಲು ಎಲ್ಲರಿಗಿಂತ ಹಿಂದೆ ಬೀಳುವವರೂ ಇವರೇ. ಆದರೆ ಇಂಥವರ ಮನೆಯಲ್ಲಿ ಬಲೂನು ಹಿಗ್ಗಿತೆಂದರೆ, ಕೈ ಬಂದಿದೆಯೆಂದೇ ಅರ್ಥ.