ಸುಂಕ ತೆತ್ತ ಬೀಗ

ಹೊರದೇಶದ ಬೀಗಗಳ ಮೇಲೆ ಸರ್ಕಾರ ಭಾರಿ ಸುಂಕ ಹೇರಿದ ದಿನ ಕಾರ್ಖಾನೆಯೊಳಗೆ ತಮ್ಮ ನಡೆದು ಬಂದ ಠೀವಿಯನ್ನು ಅಕ್ಕ ಮರೆಯುವಂತಿರಲಿಲ್ಲ. ಯುದ್ಧ ಗೆದ್ದವನೂ ಅಷ್ಟು ಎದೆಯುಬ್ಬಿಸಿ ನಡೆಯಲಾರ. ಇವನು ಮಾಡಿದ್ದಾದರೂ ಏನು? ಬೀಗ ತಯಾರಕರ ಸಂಘದ ಅಧ್ಯಕ್ಷನೆಂದು ಹೇಳಿಕೊಂಡು ಮಂತ್ರಿಗಳ ಬಾಗಿಲು ಕಾದು, ಕಂಡಕಂಡವರಿಗೆಲ್ಲ ಹಲ್ಲು ಕಿರಿದು, "ಹೊರಗಿನ ಬೀಗ ಬಂದು ನಮ್ಮ ಹೊಟ್ಟೆ ಮೇಲೆ ಹೊಡೀತಿದೆ ಸ್ವಾಮಿ" ಎಂದು ಅತ್ತಿದ್ದ. ಅವನ ಹೊಟ್ಟೆಯನ್ನು ಒಮ್ಮೆ ನೋಡಿದವರು ಯಾರೂ ಆ ಮಾತು ನಂಬುವಂತಿರಲಿಲ್ಲ. ಮಂತ್ರಿಗಳು ಮಾತ್ರ ನಂಬಿದರು.

ಅಕ್ಕನ ಜಾಗ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಉದ್ದನೆಯ ಮೇಜು. ತಯಾರಾದ ಪ್ರತಿ ಬೀಗವನ್ನೂ ಹಾಕಿ ತೆಗೆದು, ಹಾಕಿ ತೆಗೆದು, ಕೈ ಸೋಲುವವರೆಗೂ ಪರೀಕ್ಷೆ ಮಾಡುವುದು ಅವಳ ಕೆಲಸ. ಪಾಸಾದ ಬೀಗದ ಬೆನ್ನಿಗೆ ಉಗುರುಬಣ್ಣದ ಸೀಸೆಯಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದಳು. ಅಂಗಡಿಯವರು ಬೀಗದ ಮೇಲಿನ ಹೆಸರು ಓದುವ ಗೋಜಿಗೆ ಹೋಗುತ್ತಿರಲಿಲ್ಲ. ತಿರುಗಿಸಿ ಚುಕ್ಕೆ ನೋಡಿ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಿದ್ದರು. ಅಪ್ಪ ಹೋದ ಮೇಲೆ ಕಾರ್ಖಾನೆ ತಮ್ಮನ ಪಾಲಾಯಿತು. ಅಕ್ಕನ ಪಾಲಿಗೆ ಉಳಿದದ್ದು ಆ ಚುಕ್ಕೆಯೊಂದೇ. ಅದನ್ನು ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ.

ಬೀಗಕ್ಕೆ ಮಾತ್ರ ಸುಂಕ ಕೇಳಿ ಸುಮ್ಮನಾಗಿದ್ದರೆ ತಮ್ಮ ಬದುಕಿಕೊಳ್ಳುತ್ತಿದ್ದ. ಆದರೆ ಅವನ ಷಡ್ಡಕನೊಬ್ಬನಿದ್ದ. ಹೊರಗಿನಿಂದ ಬಿಡಿಭಾಗ ತರಿಸಿ, ಇಲ್ಲಿ ಜೋಡಿಸಿ, ಒಳ್ಳೆಯ ಬೀಗವನ್ನೇ ಅಗ್ಗಕ್ಕೆ ಮಾರುತ್ತಿದ್ದ. ತಮ್ಮನ ಹೆಂಡತಿ ತನ್ನ ತಂಗಿಯ ಮನೆಗೆ ಹೋಗಿ ಬಂದಾಗಲೆಲ್ಲ ಅಲ್ಲಿಯ ಹೊಸ ಸೋಫಾ, ಹೊಸ ಪರದೆಗಳ ವರ್ಣನೆ ಮಾಡಿ ಗಂಡನ ಹೊಟ್ಟೆಕಿಚ್ಚಿಗೆ ಗಾಳಿ ಹಾಕುತ್ತಿದ್ದಳು. "ಬಿಡಿಭಾಗಕ್ಕೂ ಸುಂಕ ಹಾಕ್ಲೇಬೇಕು, ಕೊನೆಗೆ ಒಂದು ಸ್ಪ್ರಿಂಗನ್ನೂ ಬಿಡಬಾರದು" ಎಂದು ತಮ್ಮ ಪಟ್ಟು ಹಿಡಿದ. ಸರ್ಕಾರ ಹಾಕಿತು. ಷಡ್ಡಕ ಬಾಗಿಲು ಮುಚ್ಚಿದ. ಸಂಘದವರಿಗೆಲ್ಲ ತಮ್ಮ ಸಿಹಿ ಹಂಚಿದ.

ಸಿಹಿ ಬಾಯಲ್ಲಿರುವಾಗಲೇ ಇವರಿಗೆ ಸ್ಪ್ರಿಂಗು ಕೊಡುವ ವ್ಯಾಪಾರಿ ಬಂದು ಹೊಸ ದರ ಹೇಳಿದ.

"ನಮ್ ಸ್ಪ್ರಿಂಗಿಗೆ ಯಾಕ್ರೀ ಸುಂಕ? ನಿಮ್ಮ ಗೋಡೌನು ಇಲ್ಲೇ ಹಿಂದಿನ ಬೀದೀಲಿದೆಯಲ್ಲ!" ಎಂದು ತಮ್ಮ ಕಿರುಚಿದ.

"ಗೋಡೌನು ಇಲ್ಲಿದೆ ಸಾರ್. ಸ್ಪ್ರಿಂಗು ಹಡಗಲ್ಲಿ ಬರುತ್ತೆ."

ಅಕ್ಕನಿಗೂ ಅದು ಹೊಸ ಸುದ್ದಿಯೇ. ಆದರೆ ಅವಳು ಸುಂಕ ಹಾಕಿಸಲು ಹೋದವಳಲ್ಲವಲ್ಲ. ಹುಟ್ಟಿದಾಗಿನಿಂದ ಬೀಗದ ಅನ್ನ ತಿಂದವನು, ಅದರೊಳಗೆ ಕೂತ ಸ್ಪ್ರಿಂಗು ಎಲ್ಲಿಯದೆಂದು ಒಂದು ದಿನವೂ ಕೇಳದೆ, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡು ಬಂದಿದ್ದ. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ತಮ್ಮ ಯಾವುದೋ ಗುಜರಿ ತಂತಿ ತರಿಸಿ ಸುತ್ತಿಸಿ, ಅದನ್ನೇ ಸ್ಪ್ರಿಂಗು ಎಂದು ಬೀಗಕ್ಕೆ ತುರುಕಿಸಿದ. ಬೀಗಗಳು ಅಕ್ಕನ ಮೇಜಿನ ಮೇಲೆ ಒಂದೊಂದಾಗಿ ಸತ್ತವು. ಕೆಲವು ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ, ಕೆಲವು ಜೋರಾಗಿ ಎಳೆದರೆ ಕೀ ಇಲ್ಲದೆಯೇ ಬಾಯಿ ಬಿಡುತ್ತಿದ್ದವು. ಚುಕ್ಕೆಯಿಲ್ಲದ ರಾಶಿ ಕಿಟಕಿಯವರೆಗೆ ಬೆಳೆಯಿತು. ತಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನಕ್ಕಾ ಇದು? ಎಲ್ಲಾನೂ ಫೇಲ್ ಮಾಡಿ ಕೂತಿದ್ದೀಯಲ್ಲ!"

"ನಾನೇನು ಮಾಡ್ಲಿ? ಅವೇ ಫೇಲಾಗ್ತಿವೆ."

"ಅಷ್ಟು ಸಲ ಯಾಕೆ ಹಾಕಿ ತೆಗೀತೀಯ? ಸುಮ್ನೆ ಚುಕ್ಕೆ ಇಡು. ಹೊರಗಿಂದು ಜನರ ಕೈಗೆ ಎಟುಕಲ್ಲ, ಷಡ್ಡಕನ ಕಥೆ ಮುಗೀತು. ನಮ್ದು ಬಿಟ್ರೆ ಇನ್ನು ಯಾರದ್ದು ಕೊಳ್ತಾರೆ?"

"ಕಳ್ಳ ನುಗ್ಗಿದ್ರೆ?"

"ಕಳ್ಳನ್ನ ಹಿಡಿಯೋಕೆ ಪೊಲೀಸ್ರಿದ್ದಾರೆ. ಅದೂ ನಮ್ ತಲೆನೋವಾ?" ಎಂದವನು ದನಿ ತಗ್ಗಿಸಿದ. "ನಿನ್ನ ಕೈಲಾಗಲ್ಲ ಅಂದ್ರೆ ನಾಳಿದ್ದು ಆ ಸೀಸೆ ಪ್ಯಾಕಿಂಗಿನವರಿಗೆ ಕೊಟ್ಬಿಡು. ಅವರೇ ಇಡ್ತಾರೆ. ನೀನೂ ಎಷ್ಟು ದಿನ ಅಂತ ದುಡೀತೀಯ, ಮನೇಲಿ ಆರಾಮಾಗಿರು."

ಮರುದಿನ ಸಂಘದವರನ್ನೆಲ್ಲ ತಮ್ಮ ತನ್ನ ಮನೆಗೆ ಊಟಕ್ಕೆ ಕರೆದಿದ್ದ. ಅವರು ಬರುವ ಮೊದಲೇ ಅಕ್ಕ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಬೀಗ ಹೇಗಾದರೂ ಮಾರಿಕೋ, ನನ್ನ ಚುಕ್ಕೆ ಮಾತ್ರ ಅದರ ಮೇಲೆ ಬೇಡ ಎಂದು ಕೇಳಿಕೊಳ್ಳಬೇಕು. ಕೈ ಮುಗಿಯಲೂ ಸಿದ್ಧಳಾಗಿದ್ದಳು.

ತಮ್ಮ ಬಂದು ಗೇಟಿನ ಬೀಗ ತೆಗೆದ. ಹಿತ್ತಾಳೆಯ ಭಾರದ ಬೀಗ. ಇವರ ಕಾರ್ಖಾನೆಯದಲ್ಲ.

"ಇದೆಲ್ಲೀದೋ?"

"ಹೊರಗಿನದು. ಸುಂಕ ಗಿಂಕ ಅಂತ ಅಂಗಡಿಯೋನು ಚರ್ಮ ಸುಲಿದ್ಬಿಟ್ಟ ಕಣಕ್ಕಾ."

"ನಮ್ದು ಯಾಕೆ ಹಾಕ್ಲಿಲ್ಲ?"

"ಅಯ್ಯೋ, ಇದು ಮನೆ ಅಲ್ವಾ?" ಎಂದ ತಮ್ಮ. "ಹೆಂಡ್ತಿ ಮಕ್ಕಳಿರೋ ಜಾಗ."

ಅವನ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಇಂಥವನ ಮುಂದೆ ಕೈ ಮುಗಿಯಲು ಹೊರಟಿದ್ದೆನಲ್ಲ ಎಂದು ಅಕ್ಕನಿಗೆ ತನ್ನ ಮೇಲೇ ಅಸಹ್ಯವಾಯಿತು. ಬೀಗವನ್ನು ಅವನ ಕೈಯಿಂದ ಕಿತ್ತುಕೊಂಡು, ಗೇಟಿನ ಬಳಿಯೇ ನಿಂತು, ಹಾಕಿ ತೆಗೆದಳು, ಹಾಕಿ ತೆಗೆದಳು. "ಅಕ್ಕಾ, ಜನ ಬರೋ ಹೊತ್ತು" ಎಂದು ತಮ್ಮ ಗೋಗರೆದ. ಕೈ ಸೋಲುವವರೆಗೂ ಅವಳು ಬಿಡಲಿಲ್ಲ. ಬೀಗ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

ಅವಳು ಸೀಸೆ ತೆರೆದು ಬೀಗದ ಬೆನ್ನಿಗೆ ಚುಕ್ಕೆ ಇಟ್ಟಳು. ಎಲ್ಲರಿಗೂ ಕಾಣುವಂತೆ ಅದನ್ನು ಗೇಟಿಗೆ ತೂಗುಹಾಕಿದಳು.

"ಪಾಸ್" ಎಂದಳು. "ಇದೇ ಕೊನೇದು. ಇನ್ಮೇಲೆ ನಿನ್ನ ಬೀಗದ ಮೇಲೆ ಯಾವ ಚುಕ್ಕೆ ಕಂಡ್ರೂ ಅದು ನನ್ನದಲ್ಲ ಅಂತ ಅಂಗಡಿ ಅಂಗಡಿಗೂ ಹೋಗಿ ಹೇಳ್ತೀನಿ."

ಅಷ್ಟರಲ್ಲಿ ಕಾರುಗಳು ಬಂದು ನಿಂತವು. ಅಕ್ಕನ ಚುಕ್ಕೆ ಸಂಘದಲ್ಲಿ ಯಾರಿಗೆ ಗೊತ್ತಿಲ್ಲ? ಬಂದವರೆಲ್ಲ ಗೇಟಿನ ಮುಂದೆ ತಡೆದು ನಿಂತರು. ಬೀಗ ನೋಡಿದರು, ಅಕ್ಕನನ್ನು ನೋಡಿದರು. ತಮ್ಮನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಈಗ ಉಗಿಯುತ್ತಾರೆ, ಈಗ ನಗುತ್ತಾರೆ ಎಂದು ಅಕ್ಕ ಕಾದಳು. ಸಂಘದ ಖಜಾಂಚಿ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿ, ತಮ್ಮನ ಕಿವಿಯ ಬಳಿ ಬಗ್ಗಿದ.

"ಯಾವ ಅಂಗಡೀಲಿ ಸಿಕ್ತು, ಅಧ್ಯಕ್ಷರೇ? ನಾನು ನಮ್ಮನೇಗೆ ತಂದ ಹೊರಗಿಂದು ಇಷ್ಟು ಗಟ್ಟಿ ಇಲ್ಲ."