ಹೋಲ್ಡ್ ಅಂದರೆ

2009ರ ಮಾರ್ಚ್‌ನಲ್ಲಿ ಔರಂಗಾಬಾದ್ ಹತ್ತಿರದ ಶೇಂದ್ರಾದ ಒಂದು ಕಾರ್ಖಾನೆಗೆ ತೈವಾನಿನಿಂದ ಹೊಸ ಪ್ರೆಸ್ ಮಶೀನು ಬಂತು. ಅದನ್ನು ಕೂಡಿಸಿಕೊಡಲು ಲಿನ್ ಎಂಬ ಎಂಜಿನಿಯರ್ ಬಂದ. ಅವನಿಗೆ ಹಿಂದಿ, ಮರಾಠಿ ಬಾರದು. ಇಂಗ್ಲಿಷಿನಲ್ಲೂ ಹತ್ತಿಪ್ಪತ್ತು ಮಾತು ಅಷ್ಟೇ. ಅಷ್ಟರಲ್ಲೇ ಒಂದು ತಿಂಗಳ ಕೆಲಸ ನಡೆಯಬೇಕಿತ್ತು.

ಅವನು ಹೇಳಿದಂತೆ ಕ್ರೇನ್ ನಡೆಸಬೇಕಾದವನು ಗುರುಲಿಂಗಪ್ಪ. ಭಾಲ್ಕಿ ಕಡೆಯ ಅವನು ಔರಂಗಾಬಾದಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮರಾಠಿ, ಹಿಂದಿ ಕೇಳಿ ಕೇಳಿ ಕಲಿತಿದ್ದ, ಬಸ್ಸಿನ ಬೋರ್ಡು ನೋಡಿ ನೋಡಿ ಓದಲೂ ಕಲಿತಿದ್ದ. ಇಂಗ್ಲಿಷ್ ಮಾತ್ರ ಗೋಡೆಯಂತೆ ನಿಂತುಬಿಟ್ಟಿತ್ತು.

ಸಂಜೆ ಮುಕುಂದವಾಡಿಯ ಮನೆಗೆ ಬಂದವನೇ ಮಗಳು ಅನುರಾಧಾಳನ್ನು ಕರೆದ. ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು.

“ಅನೂ, ಆ ಸಾಹೇಬ ಏನೇನ್ ಒದರ್ತಾನ, ಅದರ ಅರ್ಥ ಬರದ್ ಕೊಡವ್ವ.”

ಅನುರಾಧಾ ಕನ್ನಡ ಮಾತಾಡುತ್ತಿದ್ದಳು, ಬರೆಯಲು ಬಾರದು. ಅಪ್ಪ, ಮಗಳು ಇಬ್ಬರಿಗೂ ಓದಲು ಬರುವುದು ಹಿಂದಿ. ಹೀಗಾಗಿ ಅವಳ ದಪ್ಪ ಇಂಗ್ಲಿಷ್-ಹಿಂದಿ ನಿಘಂಟು ಇಬ್ಬರ ನಡುವೆ ತೆರೆದುಕೊಂಡಿತು. ಲಿಫ್ಟ್ ಅಂದರೆ ಉಠಾನಾ. ಪುಲ್ ಅಂದರೆ ಖೀಂಚ್‌ನಾ. ಅವಳು ಸರಸರ ಬರೆದುಕೊಟ್ಟಳು. ‘ಹೋಲ್ಡ್’ ಬಂದಾಗ ಪೆನ್ನು ನಿಂತಿತು.

“ಬರಿ, ಪಕಡ್‌ನಾ. ಇದು ನನಗ ಗೊತ್ತದ,” ಎಂದ ಗುರುಲಿಂಗಪ್ಪ. ಕಾರ್ಖಾನೆಯಲ್ಲಿ ದಿನಾ ಕೇಳುವ ಮಾತದು. ಯಾವುದಾದರೂ ಸಾಮಾನು ಕೈಗೆ ಕೊಟ್ಟು ‘ಹೋಲ್ಡ್ ಕರೋ’ ಎಂದರೆ ಗಟ್ಟಿಯಾಗಿ ಹಿಡಿದುಕೊ ಎಂದೇ ಅರ್ಥ.

“ಅಷ್ಟೇ ಇಲ್ರಿ ಅಪ್ಪಾ. ಪೂರಾ ಪುಟ ತುಂಬ್ಯಾದ, ನೋಡ್ರಿ.” ಅವಳು ಬೆರಳಿಟ್ಟು ಓದಿದಳು. “ಪಕಡ್‌ನಾ. ಥಾಮ್‌ನಾ. ರೋಕ್‌ನಾ. ಸಂಭಾಲ್‌ನಾ. ಧಾರಣ್ ಕರ್‌ನಾ.”

“ಧಾರಣ?” ಗುರುಲಿಂಗಪ್ಪನ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. “ಲಿಂಗಧಾರಣಕ್ಕೂ ಅದೇ ಮಾತೇನು?”

“ಇಲ್ಲಿ ಹಂಗೇ ಅದ. ಇನ್ನೊಂದು ಕೇಳ್ರಿ. ಹೋಲ್ಡ್ ಯುವರ್ ಬ್ರೆತ್, ಸಾಂಸ್ ರೋಕೋ, ಉಸಿರ್ ನಿಲ್ಲಸು. ಕೊಡ ಹತ್ತ್ ಲೀಟರ್ ಹೋಲ್ಡ್ ಮಾಡ್ತದ, ಇಸ್ ಮೇಂ ದಸ್ ಲೀಟರ್ ಆತಾ ಹೈ.”

“ಇದರಾಗ ಹಿಡಿಯೂದು ಎಲ್ಲದ? ಆತಾ ಹೈ ಅಂದ್ರ ಬರ್ತದ ಅಲ್ಲ?”

“ಇಂಗ್ಲಿಷ್‌ನಾಗ ಕೊಡ ಹಿಡಿತದ್ರಿ. ಹಿಂದಿದಾಗ ನೀರೇ ಬರ್ತದ.”

ಗುರುಲಿಂಗಪ್ಪ ಅಡುಗೆಮನೆಯ ಬಾಗಿಲಲ್ಲಿದ್ದ ಕೊಡವನ್ನೇ ನೋಡುತ್ತ ಕುಳಿತ. ಇಷ್ಟು ಸಣ್ಣ ಮಾತು ಕೈಯನ್ನೂ ಹಿಡಿಯುತ್ತದೆ, ಉಸಿರನ್ನೂ ನಿಲ್ಲಿಸುತ್ತದೆ, ದೇವರನ್ನೂ ಹೊರುತ್ತದೆ! ಹೆಂಡತಿ ಕಸ್ತೂರಿಬಾಯಿ ಎರಡು ಸಲ ಚಹಾಕ್ಕೆ ಕರೆದರೂ ಅವನಿಗೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನ ಮೇಲ್ಭಾಗವನ್ನು ಇಳಿಸುವ ಕೆಲಸ. ಎಂಟು ಟನ್ ಉಕ್ಕು ಕ್ರೇನಿಗೆ ಕಟ್ಟಿದ ನಾಲ್ಕು ಪಟ್ಟಿಗಳಲ್ಲಿ ತೂಗುತ್ತಿತ್ತು. ಮೇಲಿಂದ ಇಳಿಬಿದ್ದ ಸ್ವಿಚ್ ಡಬ್ಬಿ ಗುರುಲಿಂಗಪ್ಪನ ಕೈಯಲ್ಲಿ. ಹೆಬ್ಬೆರಳು ಒತ್ತಿದಷ್ಟು ಹೊತ್ತು ಉಕ್ಕು ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲಾಸಲಗಾಂವ್ ಕಡೆಯ ಫಿಟರ್ ಅತುಲ್ ದೂರದಿಂದ ಹಗ್ಗ ಹಿಡಿದು ಅದನ್ನು ನೇರ ಮಾಡುತ್ತಿದ್ದ. ಆಚೆ ಬದಿಯಲ್ಲಿ ಲಿನ್ ಬಗ್ಗಿ ನೋಡುತ್ತಿದ್ದ.

ಕೆಳಗಿನ ಪೀಠಕ್ಕೆ ಇನ್ನು ಒಂದು ಗೇಣು ಇದೆ ಎನ್ನುವಾಗ ಲಿನ್ ಚೀರಿದ.

“ಹೋಲ್ಡ್! ಹೋಲ್ಡ್!”

ಅತುಲ್ ಹಗ್ಗ ಬಿಟ್ಟು ಓಡಿದ. ಉಕ್ಕು ಅಲ್ಲಾಡುತ್ತಿದೆ, ಹಿಡಿಯಲು ಹೇಳುತ್ತಿದ್ದಾನೆ ಎಂದುಕೊಂಡು ಎರಡೂ ಕೈಗಳನ್ನು ಅದರ ಕೆಳ ಅಂಚಿಗೆ ಕೊಟ್ಟ.

ನಿನ್ನೆಯವರೆಗಾದರೆ ಗುರುಲಿಂಗಪ್ಪನಿಗೂ ಅದು ‘ಪಕಡೋ’ ಎಂದೇ ಕೇಳುತ್ತಿತ್ತು. ಮಾತು ಅತುಲನಿಗೆ ಹೇಳಿದ್ದು ಎಂದುಕೊಂಡು ಅವನು ಇಳಿಸುತ್ತಲೇ ಇರುತ್ತಿದ್ದ. ಇವತ್ತು ಕಿವಿಯಲ್ಲಿ ಐದು ಅರ್ಥಗಳು ಒಟ್ಟಿಗೆ ಎದ್ದವು. ಯಾವುದು ಸರಿ ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯದೆಯೇ ಹೆಬ್ಬೆರಳನ್ನು ಎತ್ತಿಬಿಟ್ಟ.

ಉಕ್ಕು ನಿಂತಿತು. ಅದಕ್ಕೂ ಪೀಠಕ್ಕೂ ನಡುವೆ ನಾಲ್ಕು ಬೆರಳು ಜಾಗ. ಆ ಜಾಗದಲ್ಲಿ ಅತುಲನ ಎರಡೂ ಅಂಗೈಗಳಿದ್ದವು.

ಅತುಲ್ ಮೆಲ್ಲಗೆ ಕೈಗಳನ್ನು ಹೊರಗೆಳೆದು, ಬೇರೆ ಯಾರದೋ ಕೈಗಳೆಂಬಂತೆ ತಿರುವಿ ತಿರುವಿ ನೋಡಿಕೊಂಡ. ಲಿನ್ ಓಡಿ ಬಂದು ಹಿಂದಿನ ಮೂಲೆಯ ಪಟ್ಟಿಯನ್ನು ತೋರಿಸಿದ. ಅದು ಕೊಂಡಿಯಿಂದ ಅರ್ಧ ಜಾರಿತ್ತು. ಅವನು ಕೂಗಿದ್ದು ನಿಲ್ಲಿಸಲು.

“ಕಾಕಾ, ನಿಮಗೆ ಹೇಗೆ ತಿಳಿಯಿತು?” ಎಂದು ಅತುಲ್ ಮರಾಠಿಯಲ್ಲಿ ಕೇಳಿದ.

“ತಿಳೀಲಿಲ್ಲ,” ಎಂದ ಗುರುಲಿಂಗಪ್ಪ. ತಾನು ಕನ್ನಡದಲ್ಲಿ ಉತ್ತರಿಸಿದೆ ಎಂಬುದೂ ಅವನ ಗಮನಕ್ಕೆ ಬರಲಿಲ್ಲ.

ಆ ವಾರವೇ ಕಾರ್ಖಾನೆಯಲ್ಲಿ ನಿಯಮ ಬದಲಾಯಿತು. ಕ್ರೇನ್ ನಡೆಯುವಾಗ ಬಾಯಿಮಾತು ಬೇಡ, ಕೈಸನ್ನೆ ಮಾತ್ರ. ಭಾರದ ಹತ್ತಿರ ಯಾರೂ ಹೋಗುವಂತಿಲ್ಲ. ಸನ್ನೆಗಳನ್ನು ಎಲ್ಲ ಪಾಳಿಯವರಿಗೂ ಕಲಿಸುವ ಕೆಲಸ ಗುರುಲಿಂಗಪ್ಪನ ಪಾಲಿಗೆ ಬಂತು.

ಭಾನುವಾರ ಮಧ್ಯಾಹ್ನ ಅತುಲ್ ತಾಯಿಯನ್ನು ಕರೆದುಕೊಂಡು ಮುಕುಂದವಾಡಿಗೆ ಬಂದ. ರುಕ್ಮಿಣಿಬಾಯಿ ಲಾಸಲಗಾಂವ್ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಹೆಂಗಸು. ಕೊಟ್ಟ ನೀರನ್ನೂ ಮುಟ್ಟದೆ, ಮಗನನ್ನು ಉಳಿಸಿದ್ದು ಯಾವ ಕೈ ಎಂದು ಕೇಳಿದಳು. ಗುರುಲಿಂಗಪ್ಪ ಸಂಕೋಚದಿಂದ ಬಲಗೈ ಚಾಚಿದ. ಆಕೆ ಆ ಹೆಬ್ಬೆರಳನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು, ಗುಡಿಯಲ್ಲಿ ಮೂರ್ತಿ ನೋಡುವವರಂತೆ ಬಹಳ ಹೊತ್ತು ನೋಡಿದಳು. ಹಣೆಗೆ ಒತ್ತಿಕೊಳ್ಳಲು ಬಗ್ಗಿದಾಗ ಅವನು ಗಾಬರಿಯಿಂದ, “ಬ್ಯಾಡ್ರಿ ಅಕ್ಕಾ, ಬ್ಯಾಡ್ರಿ,” ಎಂದ. ಆಕೆಗೆ ಕನ್ನಡ ಬಾರದು. ಬಂದಿದ್ದರೂ ಕೇಳುತ್ತಿರಲಿಲ್ಲ.

ಕಸ್ತೂರಿಬಾಯಿ ಕಣ್ಣೊರೆಸಿಕೊಳ್ಳುತ್ತ, ಬಂದವರಿಗೆ ರೊಟ್ಟಿ ಬಡಿಯಲು ಒಳಗೆ ಹೋದಳು.