ಹುಲ್ಲಿನ ಮೇಲೆ ಹಾಸಿಗೆ

ಆ ಬಿಳಿ ಕಂಬದ ಮನೆ ಮತ್ತೆ ಬಾಗಿಲು ತೆರೆಯುತ್ತಿದೆ ಎಂಬ ಸುದ್ದಿ ಅಭಿನವನಿಗೆ ಗೊತ್ತಾದದ್ದು ಭಾನುವಾರದ ಊಟದ ಹೊತ್ತಿಗೆ, ಅದೂ ತಮ್ಮನ ಬಾಯಿಂದ. ಶ್ರೇಯಸ್ ಹುಳಿಯನ್ನದಲ್ಲಿ ಚಮಚ ಆಡಿಸುತ್ತ, ಇವತ್ತು ಬಿಸಿಲಿದೆ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟ.

"ಅಪ್ಪಾ, ನಂಗೆ ಬಿಡ್ ಬಂತು. ಫ್ರಟರ್ನಿಟಿ. ಲೈಕ್, ಫಸ್ಟ್ ಬ್ಯಾಚ್. ಫೌಂಡಿಂಗ್ ಮೆಂಬರ್."

"ಬಿಡ್ ಅಂದ್ರೇನೋ? ಹರಾಜಿಗೆ ಇಟ್ಟಿದಾರಾ ನಿನ್ನ?" ಎಂದಳು ತಾಯಿ ಊರ್ಮಿಳಾ.

"ಬಂದು ಸೇರ್ಕೋ ಅಂತ ಕರೆಯೋದು ಕಣೇ," ಅಪ್ಪ ಬದರಿನಾಥ ಟೀವಿಯ ಕ್ರಿಕೆಟ್ ಸದ್ದು ತಗ್ಗಿಸಿದ. ಅಂದರೆ ವಿಷಯ ದೊಡ್ಡದೇ. "ನಮ್ಮ ಡೈರೆಕ್ಟರ್ ಕೂಡ ಇಂಥದ್ದರಿಂದಾನೇ ಬಂದಿರೋದು. ಇವತ್ತಿಗೂ ಅವನ ಫ್ರಟರ್ನಿಟಿಯವನು ಫೋನ್ ಮಾಡಿದ್ರೆ ಮೀಟಿಂಗ್ ಬಿಟ್ಟು ಎದ್ದು ಹೋಗ್ತಾನೆ. ಕಾಂಟ್ಯಾಕ್ಟ್ಸ್ ಅಂದ್ರೆ ಅದು! ಸೇರ್ಕೊಳೋ, ಸೇರ್ಕೋ."

"ಯಾವ ಮನೆ?" ಅಭಿನವ ಕೇಳಿದ.

"ಲೈಬ್ರರಿ ಹಿಂದೆ, ವೈಟ್ ಪಿಲ್ಲರ್ಸ್ ಇರೋದು. ನಾಲ್ಕು ವರ್ಷ ಕ್ಲೋಸ್ ಆಗಿತ್ತಂತೆ."

ಅಭಿನವನ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸು ಬಿತ್ತು. ಆ ಮನೆಗೆ ಬೀಗ ಬಿದ್ದದ್ದು ಅವನಿಂದಲೇ.

ಇವರು ನೆಲೆಸಿರುವ ಪರದೇಶದ ವಿಶ್ವವಿದ್ಯಾಲಯಗಳದ್ದೊಂದು ಪದ್ಧತಿ ಇದೆ. ಫ್ರಟರ್ನಿಟಿ ಎಂದರೆ ಹುಡುಗರ ಸಂಘ. ಒಂದು ಮನೆ, ಒಂದು ಗುಟ್ಟಿನ ಪ್ರಮಾಣ, ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರ. ಅದು ಯಾರದಾದರೂ ಮೂಳೆ ಮುರಿದು ಸಿಕ್ಕಿಬಿದ್ದರೆ ಮನೆಗೆ ಬೀಗ ಹಾಕುತ್ತಾರೆ. ಆಗಿದ್ದವರೆಲ್ಲ ಪದವಿ ಮುಗಿಸಿ ಊರು ಬಿಡುವ ತನಕ ಕಾಯುತ್ತಾರೆ. ಆಮೇಲೆ ಸಂಘದ ಮುಖ್ಯ ಕಚೇರಿಯಿಂದ ಇಸ್ತ್ರಿ ಅಂಗಿಯ ಯುವಕರು ಬಂದು ಹೊಸ ಹುಡುಗರನ್ನು ಆರಿಸಿ, ಹೊಸ ಬಣ್ಣ ಬಳಿದು, ಬಾಗಿಲು ತೆರೆಯುತ್ತಾರೆ. ಕಣ್ಣಾರೆ ಕಂಡವರು ಒಬ್ಬರೂ ಉಳಿದಿರಬಾರದು, ಅದು ಅವರ ಎಣಿಕೆ. ಪದವಿಯನ್ನೇ ಮುಗಿಸದೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಮಾರಿಸ್‌ವಿಲ್‌ನಲ್ಲಿ, ಅಪ್ಪನ ಟೌನ್‌ಹೌಸಿನಲ್ಲೇ ಉಳಿದುಹೋದವನೊಬ್ಬ ಇರಬಹುದು ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ.

2020ರ ಫೆಬ್ರವರಿಯಲ್ಲಿ ಅಭಿನವ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಆ ಸಂಘಕ್ಕೆ ಸೇರಲು ಬಂದಿದ್ದ ಹೊಸಬರಲ್ಲಿ ಒಬ್ಬ. ಅಂಥವರನ್ನು ಪ್ಲೆಜ್ ಎನ್ನುತ್ತಾರೆ. ಪ್ರಮಾಣ ಮಾಡಿ ಬ್ರದರ್ ಅನ್ನಿಸಿಕೊಳ್ಳುವ ಮೊದಲು ಅವರಿಂದ ಆಳಿನ ಹಾಗೆ ದುಡಿಸಿಕೊಳ್ಳುತ್ತಾರೆ. ಆ ವಾರ ಪ್ಲೆಜ್‌ಗಳೆಲ್ಲ ಆ ಮನೆಯ ನೆಲದ ಮೇಲೇ ಮಲಗಬೇಕೆಂದು ಅಪ್ಪಣೆಯಾಗಿತ್ತು. "ಬೆನ್ನು ಹಿಡ್ಕೊಳತ್ತೆ ಕಂದ" ಎಂದು ಊರ್ಮಿಳಾ ಕೊಡಿಸಿದ್ದ ಸ್ಪಂಜಿನ ಹಾಸಿಗೆಯನ್ನು ಅಭಿನವ ಅಲ್ಲಿಗೆ ಹೊತ್ತುಕೊಂಡು ಹೋಗಿದ್ದ. ಬಾಸ್ಕೆಟ್‌ಬಾಲ್ ಪಂದ್ಯದ ದಿನ ಮಧ್ಯಾಹ್ನ, ಬ್ರೋಡಿ ಎಂಬ ಇನ್ನೊಬ್ಬ ಪ್ಲೆಜ್‌ಗೆ ಕಂಠಪೂರ್ತಿ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ತಲೆ ಕೆಳಗಾಗಿ ಬಿದ್ದ. "ಮಗ್ಗುಲಿಗೆ ಮಲಗಿಸಿ, ಸರಿಹೋಗ್ತಾನೆ" ಎಂದರು ಹಿರಿಯ ಬ್ರದರ್‌ಗಳು. ಕಿವಿಯಿಂದ ರಕ್ತ ಬರುತ್ತಿದ್ದವನು ಸರಿಹೋಗುತ್ತಾನಂತೆ! ಅಭಿನವ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದ.

ಬ್ರೋಡಿ ಬದುಕಿದ; ಒಂದು ಕಿವಿ ಹೋಯಿತು. ಮಾರನೆಯ ಬೆಳಿಗ್ಗೆ ಅಭಿನವನ ಹಾಸಿಗೆ ಮನೆಯ ಮುಂದಿನ ಹುಲ್ಲಿನ ಮೇಲೆ ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು. ಅದರ ಉದ್ದಕ್ಕೂ ಕಪ್ಪು ಮಾರ್ಕರಿನಲ್ಲಿ ಒಂದೇ ಮಾತು: ಸ್ನಿಚ್. ಚಾಡಿಕೋರ. ಅದಾದ ಮೇಲೆ ಊಟದ ಹಾಲಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಅವನು ಹಾಸಿಗೆಯನ್ನು ಕಾರಿನ ತಲೆಗೆ ಕಟ್ಟಿಕೊಂಡು ಮನೆಗೆ ಬಂದ. ಕೆಲವೇ ದಿನಕ್ಕೆ ಕೊರೋನಾ ಬಂದು ಲೋಕದ ಮಕ್ಕಳೆಲ್ಲ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದದ್ದರಿಂದ, ಇವನೇಕೆ ಬಂದ ಎಂದು ಯಾರೂ ಕೇಳಲಿಲ್ಲ. ಇವನು ಹೇಳಲೂ ಇಲ್ಲ, ವಾಪಸು ಹೋಗಲೂ ಇಲ್ಲ. ಈಗ ಮನೆಗಳಿಗೆ ಏಸಿ ಕೂರಿಸುವ ಕಂಪನಿಯ ವ್ಯಾನ್ ಓಡಿಸುತ್ತಾನೆ. ದೇವಸ್ಥಾನದಲ್ಲಿ ಯಾರಾದರೂ ಕೇಳಿದರೆ ಬದರಿನಾಥ "ದೊಡ್ಡವನು ಎನರ್ಜಿ ಸೆಕ್ಟರ್‌ನಲ್ಲಿದಾನೆ" ಎನ್ನುತ್ತಾನೆ.

ಆ ಶನಿವಾರ ಸಂಘ ಕರೆದಿದ್ದ ಸಭೆಗೆ ಹುಡುಗರ ಮನೆಯವರಿಗೂ ಆಹ್ವಾನವಿತ್ತು. "ನಾನೂ ಬರ್ತೀನಿ" ಎಂದ ಅಭಿನವ. ಸಿಟ್ಟು ಇತ್ತು, ಆದರೆ ಅವನನ್ನು ಅಲ್ಲಿಗೆ ಎಳೆದದ್ದು ಸಿಟ್ಟಲ್ಲ, ಕುತೂಹಲ. ಮುಚ್ಚಿದ್ದು ಯಾಕೆ ಎಂಬುದಕ್ಕೆ ಈ ಜನ ಏನು ಹೇಳುತ್ತಾರೆ? ಸುಳ್ಳಾದರೆ ಎಂಥ ಸುಳ್ಳು?

ನೆಲಮಾಳಿಗೆಯ ಬಾಗಿಲಿದ್ದ ಕಡೆ ಈಗ ಗೋಡೆ. ಅದರ ಮುಂದೆ ಡೋನಟ್ಟಿನ ಮೇಜು. ಮುಖ್ಯ ಕಚೇರಿಯಿಂದ ಬಂದಿದ್ದ ಕೋಲ್ಟನ್ ಎಂಬ ಯುವಕ ತೋಳು ಮಡಚಿಕೊಂಡು ಎದ್ದು ನಿಂತ. ಅಭಿನವನಷ್ಟೇ ವಯಸ್ಸು, ನಯವಾದ ದನಿ.

"ಮುಚ್ಚಿಡುವುದು ಏನೂ ಇಲ್ಲ," ಎಂದ ಕೋಲ್ಟನ್. "ಈ ಮನೆಯಲ್ಲಿ ಕೆಟ್ಟದ್ದು ನಡೆಯಿತು. ಆದರೆ ಆ ದಿನವೇ ನಮ್ಮ ಬ್ರದರ್ ಒಬ್ಬ ಎಲ್ಲರನ್ನೂ ಎದುರು ಹಾಕಿಕೊಂಡು ಫೋನ್ ಎತ್ತಿದ. ಒಂದು ಜೀವ ಉಳಿಸಿದ. ನಮ್ಮ ಸಂಘ ಎಂದರೆ ಬಿದ್ದವರಲ್ಲ, ಬೀಳಿಸಿದವರಲ್ಲ. ಫೋನ್ ಎತ್ತಿದ ಆ ಬ್ರದರ್."

ಚಪ್ಪಾಳೆ ಬಿತ್ತು. ಬೈಗುಳಕ್ಕೆ ಅಭಿನವ ತಯಾರಾಗಿ ಬಂದಿದ್ದ, ಸುಳ್ಳಿಗೂ. ಹೊಗಳಿಕೆಗೆ ತಯಾರಿ ಇರಲಿಲ್ಲ. ಹೊರಗೆಸೆದ ಹಾಸಿಗೆ ಅವನದು, ಒಳಗಿನ ಕೀರ್ತಿ ಇವರದು!

ಪಕ್ಕದಲ್ಲಿ ಶ್ರೇಯಸ್ ಕಣ್ಣರಳಿಸಿಕೊಂಡು ಪಿಸುಗುಟ್ಟಿದ: "ಅದಕ್ಕೇ ಅಣ್ಣ ನಾನು ಸೇರ್ತಾ ಇರೋದು. ದಟ್ ಗೈ. ನಂಗೆ ಹಾಗೆ ಆಗ್ಬೇಕು."

ಸಭೆ ಮುಗಿದ ಮೇಲೆ ಅಭಿನವ ಕೋಲ್ಟನ್ ಹತ್ತಿರ ಹೋಗಿ, "ಆ ಬ್ರದರ್ ಈಗೆಲ್ಲಿದ್ದಾನೆ?" ಎಂದು ಕೇಳಿದ.

"ಅವನು ಹೆಸರು ಬಯಸುವವನಲ್ಲ. ನಾವೂ ಕೆದಕಲಿಲ್ಲ," ಎಂದು ಕೋಲ್ಟನ್ ನಕ್ಕು, ಡೋನಟ್ಟಿನ ಪೆಟ್ಟಿಗೆ ಮುಂದೆ ಹಿಡಿದ.

ವ್ಯಾನ್ ಹೆದ್ದಾರಿಗೆ ಬಂದ ಮೇಲೆ ಅಭಿನವ ಹೇಳಿದ. "ಫೋನ್ ಮಾಡಿದ್ದು ನಾನು ಕಣೋ."

ಶ್ರೇಯಸ್ ಮೊದಲು ನಕ್ಕ, ಆಮೇಲೆ ಮುಖ ಬಿಗಿಯಾಯಿತು. "ಸ್ಟಾಪ್ ಇಟ್ ಅಣ್ಣ. ಅವನು ಬ್ರದರ್. ನೀನು ಜಸ್ಟ್ ಡ್ರಾಪ್ ಔಟ್ ಆದೆ. ಕಾಲೇಜು ಹಾರ್ಡ್ ಅಂತ. ಅಪ್ಪ ಹೇಳಿದ್ರು."

"ಅಪ್ಪ ಹೇಳಿದ್ರಾ?"

"ನಂಗೆ ಏನಾದ್ರೂ ಗುಡ್ ಆದ್ರೆ ನಿಂಗೆ ಯಾಕೆ ಹೀಗಾಗತ್ತೆ?"

ಅಭಿನವ ಸ್ಟೀರಿಂಗ್ ಗುದ್ದಿದ. ಹಾರ್ನ್ ಕೂಗಿತು, ಮುಂದಿನ ಕಾರಿನವನು ಕೈ ತೋರಿಸಿದ. ಮನೆ ಮುಟ್ಟಿದ ಕೂಡಲೇ ಅವನು ತಮ್ಮನ ರಟ್ಟೆ ಹಿಡಿದು ಗ್ಯಾರೇಜಿಗೆ ಕರೆದೊಯ್ದ. ಮೂಲೆಯಲ್ಲಿ, ಕ್ರಿಕೆಟ್ ಬ್ಯಾಟುಗಳ ಹಿಂದೆ, ಹಾಸಿಗೆ ಒರಗಿ ನಿಂತಿತ್ತು. ಮನೆಗೆ ಗೆಳೆಯರು ಬಂದಾಗೆಲ್ಲ ಶ್ರೇಯಸ್ ಅದರ ಮೇಲೇ ಮಲಗಿದ್ದಾನೆ. ಅಮ್ಮ ಎರಡು ಹಳೆಯ ಹತ್ತಿ ಸೀರೆ ಸೇರಿಸಿ ಅದಕ್ಕೆ ಗೌಸು ಹೊಲಿದಿದ್ದಳು, ನಾಲ್ಕೂ ಕಡೆ ಒತ್ತಾಗಿ, ಬಿಚ್ಚಲು ಬಾರದ ಹಾಗೆ. ಅಭಿನವ ಉಗುರಿನಲ್ಲಿ ಹೊಲಿಗೆ ಕೀಳತೊಡಗಿದ.

"ಹಂಗೆ ಹರೀಬೇಡ. ತಗೋ."

ಊರ್ಮಿಳಾ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

"ಅಮ್ಮ, ನೀನು..."

"ಹೊಲಿದಿದ್ದು ನಾನೇ ಅಲ್ವೇನೋ? ಓದೋಕೆ ಬರತ್ತೆ ನಂಗೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಹೇಳ್ತಿದ್ಯಾ? ಊಟಕ್ಕೆ ಕರೆದ್ರೇ ಉರಿದು ಬೀಳ್ತಿದ್ದೆ." ಅವಳೇ ಕೂತು ಟಾಕು ಬಿಚ್ಚಿದಳು. ಮಳೆ ಕುಡಿದ ಕಂದು ಕಲೆಗಳ ನಡುವೆ ಕಪ್ಪು ಅಕ್ಷರಗಳು ಇನ್ನೂ ಗಟ್ಟಿಯಾಗಿದ್ದವು. ಶ್ರೇಯಸ್ ಬಗ್ಗಿ, ಕುರುಡರು ಮುಟ್ಟಿ ನೋಡುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದ.

"ದೇ ಡಿಡ್ ದಿಸ್? ನಿಂಗೆ?"

"ಅವರೇ. ನಾನು ಅವರ ಬ್ರದರ್ ಆಗಿರ್ಲೇ ಇಲ್ಲ ಕಣೋ."

ಅಭಿನವನಿಗೆ ಇಲ್ಲಿಗೆ ಗೆದ್ದೆ ಅನ್ನಿಸಿತ್ತು. ಆದರೆ ಶ್ರೇಯಸ್ ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಬಟ್ ಅವರು ಹಳೇ ಜನ ಅಣ್ಣ. ಕೋಲ್ಟನ್ ಅಲ್ಲ, ನನ್ನ ಬ್ಯಾಚ್ ಅಲ್ಲ. ಅವರಿಗೆ ಗೊತ್ತೇ ಇಲ್ಲ. ಗೊತ್ತಾದ್ರೆ ಸರಿಯಾಗಿ ಹೇಳ್ತಾರೆ. ಸೈನಿಂಗ್‌ಗೆ ಇದನ್ನ ತಗೊಂಡ್ ಹೋಗೋಣ. ಅವರು ಅದನ್ನ ಮನೆಯೊಳಗೆ ಇಟ್ಕೊಂಡ್ರೆ ನಾನು ಸೈನ್ ಮಾಡ್ತೀನಿ."

"ಇಟ್ಕೊಳ್ದಿದ್ರೆ?"

ಶ್ರೇಯಸ್ ಮತ್ತೆ ಆ ಅಕ್ಷರಗಳತ್ತ ಬಗ್ಗಿದ. ಅಭಿನವನಿಗೂ ನೋಡಬೇಕೆನ್ನಿಸಿತು. ನಿಜವಾಗಿಯೂ, ಏನು ಮಾಡಬಹುದು ಈ ಜನ?

ಮುಂದಿನ ಶನಿವಾರ ಬೆಳಿಗ್ಗೆ ಅಣ್ಣತಮ್ಮಂದಿರು ಹಾಸಿಗೆ ಹೊತ್ತು ಬಿಳಿ ಕಂಬಗಳ ನಡುವೆ ಒಳಗೆ ನಡೆದರು. ಬ್ಲೇಜರ್ ತೊಟ್ಟು ಸಾಲಾಗಿ ನಿಂತಿದ್ದ ಹುಡುಗರು ದಾರಿ ಬಿಟ್ಟರು. ಸಹಿ ಹಾಕುವ ಮೇಜಿನ ಪಕ್ಕ ಅದನ್ನು ಒರಗಿಸಿ, ಅಕ್ಷರ ಕಾಣುವ ಹಾಗೆ ತಿರುಗಿಸಿ, ಅಭಿನವ ನಡೆದದ್ದನ್ನೆಲ್ಲ ಹೇಳಿದ. ದನಿ ಒಂದೆರಡು ಕಡೆ ಏರಿತು. ಅವನು ತಗ್ಗಿಸಲಿಲ್ಲ.

ಕೋಲ್ಟನ್ ಪೂರ್ತಿ ಕೇಳಿದ. ಎದೆಯ ಮೇಲೆ ಕೈಯಿಟ್ಟುಕೊಂಡ. "ಇದನ್ನು ಹಂಚಿಕೊಂಡದ್ದಕ್ಕೆ ನಿನಗೆ ಋಣಿ," ಎಂದ. "ನಮ್ಮ ತರಬೇತಿಗೆ ಬಂದು ಮಾತಾಡಬೇಕು ನೀನು. ಖಂಡಿತ. ಆದರೆ ಈ ಹಾಸಿಗೆ... ಇವತ್ತು ತಂದೆತಾಯಂದಿರು ಬರುತ್ತಾರೆ. ಫೋಟೋ ಇದೆ. ಬೆಂಕಿ ಸುರಕ್ಷತೆಯ ನಿಯಮವೂ ಇದೆ. ಸದ್ಯಕ್ಕೆ ಹೊರಗಿಡೋಣ, ಆಗಬಹುದಾ?"

ಅವನು ಕಣ್ಸನ್ನೆ ಮಾಡಿದ. ಇಬ್ಬರು ಹುಡುಗರು ಓಡಿ ಬಂದು ಹಾಸಿಗೆ ಎತ್ತಿದರು. ಒಳ್ಳೆಯ ಹುಡುಗರೇ. "ಸಾರಿ ಮ್ಯಾನ್, ಸಾರಿ" ಎನ್ನುತ್ತ, ಗೋಡೆಗೂ ಬಾಗಿಲಿಗೂ ತಗುಲದ ಹಾಗೆ ಜೋಪಾನವಾಗಿ ಹೊರಗೆ ಒಯ್ದು, ಮುಂದಿನ ಹುಲ್ಲಿನ ಮೇಲೆ ಮಲಗಿಸಿದರು. ಹಿಂದೆ ಬಿದ್ದಿದ್ದ ಜಾಗದಿಂದ ಒಂದು ಮಾರು ಆಚೆ ಇರಬಹುದು, ಅಷ್ಟೇ.

ಅಭಿನವನ ಬಾಯಿಗೆ ಬಂದ ಬೈಗುಳ ಅಚ್ಚ ಕನ್ನಡದ್ದು. ಅದನ್ನು ತಿಳಿಯುವವನು ಅಲ್ಲಿ ಒಬ್ಬನೇ ಇದ್ದ. ಅವನು ಕಿಟಕಿಯಿಂದ ಹುಲ್ಲನ್ನೇ ನೋಡುತ್ತ ನಿಂತಿದ್ದ.

"ಶ್ರೇಯಸ್," ಕೋಲ್ಟನ್ ಪೆನ್ನು ಚಾಚಿ ಕರೆದ. "ನಿನ್ನ ಸರದಿ."

ಶ್ರೇಯಸ್ ಪೆನ್ನು ತೆಗೆದುಕೊಂಡ. ತಿರುಗಿಸಿ ನೋಡಿದ. ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ನಡೆದು, ಹೊಸ ಬ್ಲೇಜರಿನಲ್ಲೇ ಹಾಸಿಗೆಯ ಮೇಲೆ ಕೂತುಬಿಟ್ಟ. ಅಭಿನವ ಹಿಂದೆಯೇ ಬಂದು ಪಕ್ಕದಲ್ಲಿ ಕೂತ. ಸ್ಪಂಜು ಇನ್ನೂ ಮೆತ್ತಗಿತ್ತು.

"ಅಮ್ಮ ಒಳ್ಳೇದೇ ಕೊಡ್ಸಿದ್ಲು," ಎಂದ ಅಭಿನವ.

"ಯಾ. ಬೆನ್ನು ಹಿಡ್ಕೊಳಲ್ಲ."

ಸ್ವಲ್ಪ ಹೊತ್ತಿಗೆ ಹಾಸಿಗೆ ಹೊತ್ತವರಲ್ಲೇ ಒಬ್ಬ, ಕೆಂಪು ಕೂದಲಿನ ಹುಡುಗ, ಮೆಟ್ಟಿಲಿಳಿದು ಬಂದ. ಕೈಯಲ್ಲಿ ಅರ್ಧ ತಿಂದ ಡೋನಟ್ ಇತ್ತು. ಹಿಂದಕ್ಕೊಮ್ಮೆ ಬಾಗಿಲ ಕಡೆ ನೋಡಿ, ಅಕ್ಷರಗಳತ್ತ ಬೆರಳು ಮಾಡಿ ಕೇಳಿದ:

"ಆಮೇಲೆ ಆ ಬಿದ್ದವನು, ಬ್ರೋಡಿ... ಅವನಿಗೇನಾಯಿತು?"

ಅಭಿನವ ತಮ್ಮನತ್ತ ಸರಿದು, ಆ ಹುಡುಗನಿಗೂ ಕೂರಲು ಜಾಗ ಬಿಟ್ಟ.